ಬೂದುಬೆಟ್ಟದಾಚೆಯ ಗಂಡುಮರ

ನನ್ನ ಅಪ್ಪ ಅಮ್ಮ ಬೇರೆಯಾದಾಗ ನನಗೆ ಹನ್ನೊಂದು ವರ್ಷ. ಮನೆಯ ಸಾಮಾನೆಲ್ಲ ಎರಡು ಪಾಲಾಯಿತು. ದೋಣಿ ಅಪ್ಪನಿಗೆ, ಗಾಜಿನಮನೆ ಅಮ್ಮನಿಗೆ, ನಾಯಿ ಅಪ್ಪನಿಗೆ, ನಾನು ಅಮ್ಮನಿಗೆ. ಕೊನೆಗೆ ಉಳಿದದ್ದು ಕುಂಡಗಳಲ್ಲಿದ್ದ ಎರಡು ರಂಬುಟಾನ್ ಗಿಡ. ಆಗ ಅವು ನನ್ನ ಮೊಣಕಾಲಿನ ಎತ್ತರಕ್ಕಿದ್ದವು. ಅವನ್ನು ಹಂಚಿಕೊಳ್ಳುವಾಗ ಆದಷ್ಟು ಜಗಳ ನನ್ನನ್ನು ಹಂಚಿಕೊಳ್ಳುವಾಗಲೂ ಆಗಲಿಲ್ಲವೆಂದು ಈಗಲೂ ಇಬ್ಬರನ್ನೂ ಕಾಡಿಸುತ್ತೇನೆ. ಅಪ್ಪ ಎತ್ತರದ ಗಿಡವನ್ನು ತೋರಿಸಿ "ಅದು ನಂದು" ಅಂದ. ಅಮ್ಮ "ತಗೊಂಡ್ಹೋಗು, ಉದ್ದ ಇರೋದೆಲ್ಲ ದೊಡ್ಡದಲ್ಲ" ಅಂದಳು.

ಅಪ್ಪ ಇಲ್ಲುಗಿ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಒಮ್ಮೆ ಹಡಗು ರಿಪೇರಿಗೆಂದು ಪೆನಾಂಗ್ ಬಂದರಿನಲ್ಲಿ ವಾರಗಟ್ಟಲೆ ನಿಂತಿತ್ತು. ಅಮ್ಮ ಸಾಲ್ವೋರ್ ನನ್ನನ್ನು ಅಜ್ಜಿಯ ಬಳಿ ಬಿಟ್ಟು ಅವನನ್ನು ನೋಡಿಬರಲು ಹೋದಳು. ಅಲ್ಲಿ ಬಂದರಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದು ಚೀಲ ರಂಬುಟಾನ್ ತಿಂದು ಮುಗಿಸಿದರಂತೆ. ಮೈತುಂಬ ಕೆಂಪು ಕೂದಲು ಬಿಟ್ಟ, ಸುಲಿದರೆ ಒಳಗೆ ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಿರುವ ಹಣ್ಣು. ಆ ಬೀಜ ಒಣಗಿದರೆ ಹುಟ್ಟುವುದಿಲ್ಲ. ಅಮ್ಮ ಅವನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಸೋಪಿನ ಡಬ್ಬಿಯಲ್ಲಿ ಹಾಕಿಕೊಂಡು ಐಸ್‌ಲ್ಯಾಂಡಿಗೆ ತಂದಳು. ಮೊಳೆತದ್ದು ಎರಡು. ಅಪ್ಪ ಹಡಗಿನ ಕೆಲಸ ಬಿಟ್ಟು ಊರಲ್ಲೇ ನೆಲೆಯಾಗುವವರೆಗೂ ಅವರಿಬ್ಬರೂ ಚೆನ್ನಾಗಿಯೇ ಇದ್ದರು. ದಿನವೂ ಒಂದೇ ಅಡುಗೆಮನೆಯಲ್ಲಿ ಇರತೊಡಗಿದ ಮೇಲೆ ಕಷ್ಟವಾಯಿತು. ಉಪ್ಪು ಎಷ್ಟು ಹಾಕಬೇಕೆಂಬುದರಿಂದ ಶುರುವಾದ ಜಗಳ ಎಲ್ಲೆಲ್ಲಿಗೋ ಹೋಗಿ ಮುಟ್ಟಿತು.

ಅಮ್ಮ ಲೌಗಾತೂನ್‌ನಲ್ಲೇ ಉಳಿದಳು. ಅಪ್ಪ ಬೂದುಬೆಟ್ಟದ ಆಚೆ ಕಡಲದಂಡೆಯ ಗುಫುವೀಕ್‌ಗೆ ಹೋದ. ಎರಡು ಊರಲ್ಲೂ ನೆಲದಿಂದ ಕುದಿನೀರು ಉಕ್ಕುತ್ತದೆ. ಎರಡೂ ಕಡೆ ಅದನ್ನು ಕೊಳವೆಗಳಲ್ಲಿ ಗಾಜಿನಮನೆಯ ಸುತ್ತ ಹರಿಸಿದರೆ ಹೊರಗೆ ಎಷ್ಟು ಹಿಮ ಬಿದ್ದರೂ ಒಳಗೆ ಅಂಗಿ ಬಿಚ್ಚಿ ಕೆಲಸ ಮಾಡಬಹುದು. ಅಮ್ಮ ಟೊಮೆಟೊ, ಸೌತೆಕಾಯಿ ಬೆಳೆದು ಮಾರುತ್ತಿದ್ದಳು. ಗಾಜಿನಮನೆಯ ಕೊನೆಯಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿ, ಅದರ ಹಿಂದೆ ಯಾರೂ ಕೊಳ್ಳದ ತನ್ನ ಪ್ರೀತಿಯ ಮರಗಳನ್ನು ಸಾಕಿಕೊಂಡಿದ್ದಳು. ಒಂದು ಸಪೋಟ, ಒಂದು ಲಕ್ಷ್ಮಣಫಲ, ವರ್ಷವಿಡೀ ಮುನಿಸಿಕೊಂಡಂತಿರುವ ಒಂದು ಮ್ಯಾಂಗೋಸ್ಟೀನ್, ಎಲ್ಲಕ್ಕೂ ನಡುವೆ ರಂಬುಟಾನ್. ಸೂರ್ಯ ಮುಖ ತೋರಿಸದ ತಿಂಗಳುಗಳಲ್ಲಿ ಅವುಗಳ ಮೇಲೆ ದೊಡ್ಡ ದೊಡ್ಡ ದೀಪಗಳು ಉರಿಯುತ್ತಿದ್ದವು. ಬೆಟ್ಟದ ಮೇಲಿಂದ ಇಳಿದು ಬರುವಾಗ ನಮ್ಮೂರಿನಲ್ಲಿ ಮೊದಲು ಕಾಣುತ್ತಿದ್ದುದು ಆ ಹಳದಿ ಬೆಳಕು.

ಬೆಟ್ಟದ ರಸ್ತೆ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದರ ಮೇಲಿನ ಹಿಮ ತಳ್ಳುವುದೇ ನನ್ನ ಕೆಲಸ. ಮುಂದೆ ಅಗಲವಾದ ಕಬ್ಬಿಣದ ಹಲಗೆ ಕಟ್ಟಿದ ಲಾರಿ ನನ್ನದು. ಬೆಳಿಗ್ಗೆ ಲೌಗಾತೂನ್‌ನಿಂದ ಹೊರಟು, ಹಿಮ ಸರಿಸುತ್ತ ಗುಫುವೀಕ್ ಮುಟ್ಟಿ, ಅಪ್ಪನ ಮನೆಯಲ್ಲಿ ಕಾಫಿ ಕುಡಿದು, ಮರಳುವುದು. ಹೀಗೆ ವರ್ಷಗಟ್ಟಲೆ ನಾನು ಬರೀ ಹಿಮವನ್ನಲ್ಲ, ಮಾತನ್ನೂ ಆಚೀಚೆ ಸಾಗಿಸಿದ್ದೇನೆ. ಇಬ್ಬರೂ ನೇರ ಮಾತಾಡುತ್ತಿರಲಿಲ್ಲ.

"ಆ ಮನುಷ್ಯನ ಮರ ಇನ್ನೂ ಬದುಕಿದೆಯಾ?" ಎಂದು ಅಮ್ಮ ಕೇಳುತ್ತಿದ್ದಳು.

"ಸೂರಿಗೆ ತಲೆ ತಾಗ್ತಿದೆ."

"ಸವರೋದು ಗೊತ್ತಿದ್ರೆ ತಾನೇ."

ಅಲ್ಲಿಗೆ ಹೋದರೆ ಅಪ್ಪ, "ಅವಳದು ಕಾಯಿ ಬಿಡ್ತಾ?" ಅನ್ನುತ್ತಿದ್ದ. ಇಲ್ಲವೆಂದರೆ ಅವನಿಗೆ ಸಮಾಧಾನ. "ನಂದು ಈ ವರ್ಷ ಬಿಡುತ್ತೆ ನೋಡು."

ಎರಡು ಮರಗಳೂ ಪ್ರತಿ ವರ್ಷ ಹೂ ಬಿಡುತ್ತಿದ್ದವು, ಅದೂ ಒಂದೇ ಹೊತ್ತಿಗೆ. ಜನವರಿ ಕೊನೆಗೆ, ಹಳೆಯ ಪಂಚಾಂಗದ ತೋರ್ರಿ ತಿಂಗಳು ಹುಟ್ಟಿದ ದಿನ ನೀರು ನಿಲ್ಲಿಸಿ, ತಿಂಗಳ ಹಬ್ಬದೂಟ ಮುಗಿದ ಮೇಲೆ ಮತ್ತೆ ಕೊಡುವುದು ಅವರು ಜೊತೆಯಲ್ಲಿದ್ದಾಗ ಮಾಡಿಕೊಂಡ ಪದ್ಧತಿ. ಬೇರೆಯಾದ ಮೇಲೂ ಇಬ್ಬರೂ ಅದನ್ನು ಬಿಟ್ಟಿರಲಿಲ್ಲ. ಮಾರ್ಚ್ ಬಂತೆಂದರೆ ಬೆಟ್ಟದ ಎರಡೂ ಕಡೆ ಗೊಂಚಲು ಗೊಂಚಲು ಹಸಿರು ಮೊಗ್ಗು. ಆಮೇಲೆ ಎಲ್ಲ ಉದುರಿ ನೆಲ ಸೇರುತ್ತಿತ್ತು. ಒಂದು ಕಾಯಿಯೂ ಇಲ್ಲ.

ಇನ್ನು ಓರ್ರಿಯವರ ವಿಷಯ. ಅಮ್ಮ ಐವತ್ತು ದಾಟಿದ ಮೇಲೆ ಮದುವೆಯಾದದ್ದು ಅವರನ್ನು. ನಮ್ಮೂರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಮೆತ್ತಗಿನ ಮನುಷ್ಯ. ಬಾಗಿಲು ಹಾಕುವಾಗಲೂ ಬಾಗಿಲಿಗೆ ನೋವಾಗದ ಹಾಗೆ ಹಾಕುವವರು. ಅಮ್ಮನ ಮಾತಿನ ಪೆಟ್ಟೆಲ್ಲ ಅವರ ಮೇಲೆ ಹತ್ತಿಯ ಮೂಟೆಗೆ ಬಿದ್ದಂತೆ ಬೀಳುತ್ತಿತ್ತು. ಅಪ್ಪ ಅವರನ್ನು "ಆ ಪೆಟ್ಟಿಗೆ ಬಾರಿಸೋನು" ಎಂದೇ ಕರೆಯುತ್ತಿದ್ದ. ಇಬ್ಬರೂ ಒಂದೇ ಮೇಜಿನ ಎದುರು ಕೂತದ್ದೇ ಇಲ್ಲ. ನನ್ನ ಮದುವೆಯಲ್ಲೂ ಒಬ್ಬರು ಈ ಬದಿ, ಒಬ್ಬರು ಆ ಬದಿ.

ಹೀಗಿರುವಾಗ ಒಂದು ಮಾರ್ಚಿನ ಬೆಳಿಗ್ಗೆ ನಾನು ಅಮ್ಮನ ಗಾಜಿನಮನೆಗೆ ಹೋದಾಗ ಓರ್ರಿ ಏಣಿಯ ಮೇಲಿದ್ದರು. ಚರ್ಚಿಗೆ ಹಾಕುವ ಕಪ್ಪು ಕೋಟನ್ನು ಕೊಂಬೆಯ ಕೆಳಗೆ ಹಾಸಿ ಹಿಡಿದು, ಹೂವಿನ ಗೊಂಚಲನ್ನು ಮೆಲ್ಲಗೆ ಅಲುಗಿಸುತ್ತಿದ್ದರು.

"ಕೋಟು ಹಾಳು ಮಾಡ್ತಿದ್ದೀರಿ," ಅಂತ ಅಮ್ಮ ಕೆಳಗಿನಿಂದ ಕೂಗಿದಳು.

"ಹಾಳಾಗ್ತಾ ಇಲ್ಲ, ಅದೇ ತಾನೇ ವಿಷಯ. ನೋಡು. ಒಂದು ಚೂರಾದರೂ ಹಳದಿ ಧೂಳು ಬಿದ್ದಿದೆಯಾ? ಮೂರು ದಿನದಿಂದ ಅಲುಗಿಸ್ತಿದ್ದೀನಿ. ಪರಾಗ ಅನ್ನೋದೇ ಇಲ್ಲ. ಹೂವಿನೊಳಗೆ ಕಾಯಿ ಕಟ್ಟೋ ಜಾಗ ಚೆನ್ನಾಗಿದೆ, ದಪ್ಪಗೇ ಇದೆ. ಸಾಲ್ವೋರ್, ನಿನ್ನ ಮರ ಹೆಣ್ಣು."

ಅಮ್ಮ ಸೊಂಟದ ಮೇಲೆ ಕೈ ಇಟ್ಟು ಮರವನ್ನು ತಲೆಯಿಂದ ಬುಡದವರೆಗೆ ನೋಡಿದಳು. "ಹೆಣ್ಣೇ? ಇಷ್ಟು ವರ್ಷ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಕೆಲವು ಮರ ಬರೀ ಗಂಡು ಹೂ ಬಿಡ್ತಾವಂತೆ. ಅಂಥದ್ದೊಂದರ ಪರಾಗ ಸಿಕ್ಕಿದರೆ..." ಓರ್ರಿ ಮಾತು ಅರ್ಧಕ್ಕೆ ನಿಲ್ಲಿಸಿದರು.

ಇಡೀ ದೇಶದಲ್ಲಿ ನಮಗೆ ಗೊತ್ತಿದ್ದ ಇನ್ನೊಂದು ರಂಬುಟಾನ್ ಮರ ಒಂದೇ. ಅದು ಎಲ್ಲಿದೆ, ಯಾರ ಬಳಿ ಇದೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಬೇಡ," ಅಂದಳು ಅಮ್ಮ. "ಅವನ ಬಾಗಿಲಿಗೆ ಹೋಗಿ ಕೇಳೋದಾ? ಇಷ್ಟು ವರ್ಷ ಹಣ್ಣಿಲ್ಲದೇ ಬದುಕಿಲ್ವಾ ನಾನು?" ಎಂದು ಹೇಳಿ ಸೌತೆಕಾಯಿ ಕೊಯ್ಯಲು ಹೊರಟುಹೋದಳು. ಬೇಕಾದ್ದಕ್ಕಿಂತ ಎರಡು ಬುಟ್ಟಿ ಹೆಚ್ಚೇ ಕೊಯ್ದಳು.

ಸಂಜೆ ನಾನು ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ನಿನ್ನ ಮರ ಹೂ ಬಿಟ್ಟಿದೆಯಾ?"

"ಬಿಡದೆ ಏನು? ಗುಫುವೀಕ್‌ನೋರೆಲ್ಲ ಬಂದು ನೋಡ್ಕೊಂಡು ಹೋಗ್ತಿದ್ದಾರೆ. ಯಾಕೆ, ಅವಳದು ಕೈಕೊಟ್ಟಿತಾ?"

"ಅವಳದೂ ಬಿಟ್ಟಿದೆ. ಅದು ಹೆಣ್ಣಂತೆ ಅಪ್ಪಾ. ಗಂಡುಮರದ ಪರಾಗ ಇಲ್ಲದೆ ಕಾಯಿ ಕಚ್ಚಲ್ವಂತೆ."

ಆ ಕಡೆ ಅಪ್ಪ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಯಾರು ಕಂಡುಹಿಡಿದದ್ದು?"

"ಓರ್ರಿ."

"ಪೆಟ್ಟಿಗೆ ಬಾರಿಸೋನು ಮರಕ್ಕೂ ಕೈ ಹಾಕಿದ್ನಾ?"

"ನಿಂದು ಗಂಡಾ ಅಪ್ಪಾ?"

"ನಂದು ಏನಾದ್ರೂ ಆಗಿರ್ಲಿ. ಬೇಕಾದೋರು ಬಂದು ಕೇಳ್ಲಿ." ಇಡುವ ಮೊದಲು ಗೊಣಗಿದ: "ಬರೋದಾದ್ರೆ ಬೇಗ ಬರ್ಲಿ. ಉದುರೋಕೆ ಶುರುವಾಗಿದೆ."

ಈ ಮಾತನ್ನು ನಾನು ಅಮ್ಮನಿಗೆ ತಿಳಿಸಿದೆ. ಅವಳು ಕೇಳಿಸದವಳಂತೆ ಪಾತ್ರೆ ಉಜ್ಜಿದಳು. ಓರ್ರಿ ಮಾತ್ರ ನನ್ನ ಹಿಂದೆಯೇ ಅಂಗಳಕ್ಕೆ ಬಂದರು. "ಊನ್ನುರ್, ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡ್ತೀಯಮ್ಮ?" ಎಂದು ಮೆಲ್ಲಗೆ ಕೇಳಿದರು.

"ಆರಕ್ಕೆ. ಆದ್ರೆ ಲಾರೀಲಿ ಬೇರೆಯವರನ್ನ ಕೂರಿಸೋ ಹಾಗಿಲ್ಲ, ಓರ್ರಿ. ನಿಮಗೂ ಗೊತ್ತು."

"ಗೊತ್ತು," ಅಂದರು. ಬೆಳಿಗ್ಗೆ ನೋಡಿದರೆ ಲಾರಿಯ ಪಕ್ಕದಲ್ಲಿ ಕಿವಿಮುಚ್ಚುವ ಟೋಪಿ ಹಾಕಿಕೊಂಡು, ಬಿಸಿ ಮಣ್ಣಿನಲ್ಲಿ ಹೂತು ಬೇಯಿಸಿದ ಕಪ್ಪು ರೊಟ್ಟಿಯ ಪೊಟ್ಟಣ ಹಿಡಿದು ನಿಂತಿದ್ದರು. ಹತ್ತಿಸಿಕೊಳ್ಳದೆ ಏನು ಮಾಡಲಿ?

ಹವಾಮಾನ ಕೆಟ್ಟಿತ್ತು. ಬೆಟ್ಟದ ನೆತ್ತಿಗೆ ಬರುವಷ್ಟರಲ್ಲಿ ಗಾಳಿ ಅಡ್ಡಡ್ಡ ಹಿಮ ಎರಚತೊಡಗಿತು. ರಸ್ತೆಯಂಚಿನ ಹಳದಿ ಕಂಬಗಳು ಒಂದು ಕಂಡರೆ ಇನ್ನೊಂದು ಕಾಣದು. ಕೊನೆಗೆ ಒಂದೂ ಕಾಣದಾಯಿತು. ನಾನು ಲಾರಿ ನಿಲ್ಲಿಸಿದೆ. ಇಂಥ ಹೊತ್ತಿನಲ್ಲಿ ಕಾಯುವುದೊಂದೇ ದಾರಿ. ಗಾಳಿ ಲಾರಿಯನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಓರ್ರಿ ರೊಟ್ಟಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಿದ್ದರು.

"ಭಯವಾಗ್ತಿದೆಯಾ?" ಎಂದೆ.

"ಆಗ್ತಿದೆ. ಹಿಮಕ್ಕಲ್ಲ, ನಿಮ್ಮಪ್ಪನಿಗೆ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಕಿಟಕಿಯ ಬಿಳುಪನ್ನೇ ನೋಡುತ್ತ ಹೇಳಿದರು: "ನೀನು ನಿನ್ನ ಮನೇಲಿರ್ತೀಯ, ನಿನಗೆ ಗೊತ್ತಿಲ್ಲ. ಪ್ರತಿ ವರ್ಷ ಆ ಹೂವೆಲ್ಲ ಉದುರಿದ ದಿನ ನಿಮ್ಮಮ್ಮ ಅಡುಗೆ ಮಾಡಲ್ಲ. ಪೊರಕೆ ತಗೊಂಡು ಗುಡಿಸ್ತಾಳೆ. ಗುಡಿಸಿದ ಮೇಲೆ ಮತ್ತೊಂದು ಸಲ ಗುಡಿಸ್ತಾಳೆ. ಕೇಳಿದ್ರೆ 'ಧೂಳಾಗಿತ್ತು' ಅಂತಾಳೆ. ನಾನು ಸುಮ್ನೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಇಬ್ಬರಿಗೂ ಇಡ್ತೀನಿ. ಈ ವರ್ಷ ಅವಳು ಗುಡಿಸಬಾರದು ಅಂತ ನಂಗೆ ಆಸೆ."

ಗಾಳಿ ಒಂದಿಷ್ಟು ಉಸಿರು ತೆಗೆದುಕೊಂಡಾಗ ಒಂದು ಹಳದಿ ಕಂಬ ಕಂಡಿತು. ಗೇರ್ ಹಾಕಿದೆ.

ಗುಫುವೀಕ್ ಮುಟ್ಟಿದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಲಾರಿಯಿಂದ ಇಳಿದ ಟೋಪಿಯನ್ನು ದೂರದಿಂದ ನೋಡಿ ಮೊದಲು ಅಮ್ಮನೆಂದೇ ತಿಳಿದಿರಬೇಕು. ಕೈಯಿಂದ ಕೂದಲು ಸರಿಮಾಡಿಕೊಂಡ. ಓರ್ರಿಯೆಂದು ಗೊತ್ತಾದ ಮೇಲೆ ಕೈಕಟ್ಟಿ ನಿಂತ.

"ಅವಳು ಬರ್ಲಿಲ್ವಾ?"

"ಟೊಮೆಟೊ ಕೊಯ್ಲು," ಎಂದು ಓರ್ರಿ ಮತ್ತು ನಾನು ಒಟ್ಟಿಗೇ ಸುಳ್ಳು ಹೇಳಿದೆವು.

"ಹೂಂ. ಒಳಗೆ ಬನ್ನಿ. ಕಾಲಿನ ಹಿಮ ಕೊಡವಿ."

ಕಾಫಿ ಬಂತು, ಒಣಮೀನು ಬಂತು, ಬೆಣ್ಣೆ ಬಂತು. ಮಾತು ಬರಲಿಲ್ಲ. ಓರ್ರಿ ರೊಟ್ಟಿಯ ಪೊಟ್ಟಣ ಮುಂದಿಟ್ಟರು. ಅಪ್ಪ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಅಡುಗೆಯವನು, ಯಾವ ರೊಟ್ಟಿಯನ್ನೂ ಸುಮ್ಮನೆ ತಿನ್ನುವವನಲ್ಲ.

"ಅವಳು ಮಾಡಿದ್ದಲ್ಲ ಇದು."

"ನಾನು ಮಾಡಿದ್ದು," ಅಂದರು ಓರ್ರಿ.

"ಅದಕ್ಕೇ ಉಪ್ಪು ಸರಿಯಾಗಿದೆ," ಅಂದ ಅಪ್ಪ. ಎರಡನೆಯ ತುಂಡು ಮುರಿದುಕೊಂಡು ಎದ್ದ. "ಬನ್ನಿ, ನೋಡೋದಿದ್ರೆ."

ಅಪ್ಪನ ಗಾಜಿನಮನೆ ಚಿಕ್ಕದು. ಅದರಲ್ಲಿ ಬೇರೆ ಏನೂ ಇಲ್ಲ, ಆ ಮರ ಬಿಟ್ಟರೆ ಒಂದು ಹಳೆಯ ಕುರ್ಚಿ. ಮರ ಸೂರಿನವರೆಗೆ ಬೆಳೆದು, ಅಲ್ಲಿ ಬಾಗಿ, ಗಾಜಿನ ಉದ್ದಕ್ಕೂ ಹರಡಿತ್ತು. ಎಲೆ ಕಾಣದಷ್ಟು ಹೂ. ಅಪ್ಪ ಟೊಮೆಟೊ ಬೆಳೆಯುವವರಿಂದ ತಂದಿಟ್ಟ ಹೆಜ್ಜೇನಿನ ಗಾತ್ರದ ದುಂಬಿಗಳು ಗೊಂಚಲಿಂದ ಗೊಂಚಲಿಗೆ ಹಾರುತ್ತಿದ್ದವು. ಅವುಗಳ ಕಾಲೆಲ್ಲ ಹಳದಿ. ಓರ್ರಿ ಒಳಗೆ ಕಾಲಿಟ್ಟವರೇ ಟೋಪಿ ತೆಗೆದರು. ಚರ್ಚಿನೊಳಗೆ ಹೋಗುವಾಗ ತೆಗೆಯುವ ಹಾಗೆಯೇ ತೆಗೆದರು.

"ಇಲ್ಲುಗಿ, ಇಂಥದ್ದು ನಾನು ನೋಡೇ ಇಲ್ಲ," ಅಂದರು.

ಅಪ್ಪನ ಕಟ್ಟಿದ ಕೈ ಸಡಿಲವಾಯಿತು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

"ಗಂಡೇ. ನನಗೆ ಗೊತ್ತಿತ್ತು," ಅಂದ.

"ಯಾವಾಗಿಂದ?" ಎಂದೆ ನಾನು.

"ಆಯ್ತು ವರ್ಷಗಳು. ಹಡಗಲ್ಲಿ ನನ್ನ ಜೊತೆ ಅಡುಗೆ ಮಾಡ್ತಿದ್ದ ರಾಮ್ಲಿ ಅಂತ ಒಬ್ಬನಿದ್ದ, ಪೆನಾಂಗ್‌ನೋನು. ಅವನಿಗೆ ಹೂವಿನ ಫೋಟೋ ಕಳಿಸಿದ್ದೆ. ಫೋನ್ ಮಾಡಿ ಬಿದ್ದು ಬಿದ್ದು ನಕ್ಕ. ಗಂಡುಮರ, ಕಡಿದು ಸೌದೆ ಮಾಡು, ನಮ್ಮಲ್ಲಿ ಹಾಗೇ ಮಾಡೋದು ಅಂದ. ಗರಗಸ ಕೊಂಡುತಂದೆ."

"ಮತ್ತೆ?"

"ಮತ್ತೇನು, ಇಲ್ಲೇ ಇದೆಯಲ್ಲ." ಅಪ್ಪ ಕೊಂಬೆಯೊಂದನ್ನು ಬೆರಳಿಂದ ಒರೆಸಿದ. "ಬುಡದ ಹತ್ತಿರ ಕೂತೆ. ಕೈ ಬರ್ಲಿಲ್ಲ. ಹಣ್ಣು ಕೊಡಲ್ಲ ಅಂತ ಗೊತ್ತಾದ ಮೇಲೆ ಅದರ ಮೇಲೆ ಯಾಕೋ ಪ್ರೀತಿ ಇನ್ನೂ ಹೆಚ್ಚಾಯ್ತು."

"ನಮಗೆ ಹೇಳಬಹುದಿತ್ತಲ್ಲಪ್ಪಾ. ಅಮ್ಮ ಅಲ್ಲಿ ಪ್ರತಿ ವರ್ಷ..."

"ಅವಳದು ಹೆಣ್ಣು ಅಂತ ನನಗೇನು ಕನಸು ಬಿದ್ದಿತ್ತಾ? ಅದೂ ಗಂಡೇ ಆಗಿದ್ರೆ? ಸುಮ್ನೆ ಇದ್ದ ಆಸೇನೂ ಕಿತ್ಕೊಂಡ ಹಾಗಾಗ್ತಿತ್ತು. ಕಾಯಿ ಬರುತ್ತೆ ಬರುತ್ತೆ ಅಂತ ಕಾಯ್ತಾ ಇದ್ಲು. ಕಾಯ್ಲಿ ಅಂತ ಬಿಟ್ಟೆ."

ಓರ್ರಿ ಕೋಟಿನ ಜೇಬಿನಿಂದ ಚಿಕ್ಕ ಕತ್ತರಿ ತೆಗೆದು ಅಪ್ಪನ ಮುಂದೆ ಹಿಡಿದರು. "ನಿಮ್ಮ ಮರ. ನೀವೇ ಕೊಯ್ದುಕೊಡಿ."

ಅಪ್ಪ ಅಂದು ಅರಳಿದ ಗೊಂಚಲುಗಳನ್ನು ಆರಿಸಿ ಆರಿಸಿ ಕೊಯ್ದ. ಓರ್ರಿ ಒದ್ದೆ ಕಾಗದದಲ್ಲಿ ಕಾಂಡಗಳನ್ನು ಸುತ್ತಿದರು. ಕೊಯ್ದ ಹೂವಿನ ಪರಾಗ ಆ ದಿನವೇ ಮುಟ್ಟಬೇಕು, ಚಳಿ ತಾಗಿದರೆ ಅದೂ ಇಲ್ಲ. ಲಾರಿಯಲ್ಲಿ ಬಿಸಿಗಾಳಿ ಬರುತ್ತದೆ ನಿಜ, ಆದರೆ ಅದು ನನ್ನ ಕಾಲಿಗಷ್ಟೇ ತಾಗುತ್ತದೆ. ಡಬ್ಬಿಯಲ್ಲಿ ಹಾಕೋಣವೆಂದು ನಾನು, ಹಾಲಿನ ಪಾತ್ರೆಯಲ್ಲಿಡೋಣವೆಂದು ಓರ್ರಿ. ಅಪ್ಪ ನಮ್ಮಿಬ್ಬರನ್ನೂ ನೋಡಿ ತಲೆಯಾಡಿಸಿದ.

"ನಿಮ್ಮಿಬ್ಬರ ಕೈಗೆ ಕೊಟ್ರೆ ಬೆಟ್ಟದ ಮೇಲೇ ಸಾಯುತ್ತೆ ಇದು." ತನ್ನ ಉಣ್ಣೆ ಅಂಗಿಯ ಕತ್ತು ಜಗ್ಗಿ, ಗೊಂಚಲುಗಳನ್ನು ಒಂದೊಂದಾಗಿ ಎದೆಯ ಬಳಿ ಇಳಿಸಿಕೊಂಡ. ಮೇಲೆ ಕೋಟು ಹಾಕಿಕೊಂಡ. "ನಾನೇ ಬರ್ತೀನಿ. ನಡೀರಿ."

ಹೀಗೆ ಒಬ್ಬರನ್ನೂ ಕೂರಿಸಬಾರದ ಲಾರಿಯಲ್ಲಿ ಇಬ್ಬರು ಕೂತರು. ಒಂದು ಸೀಟು, ಎರಡು ಮುದಿ ಮೈ, ಎರಡು ದಪ್ಪ ಕೋಟು. ಅಪ್ಪನ ಕೊರಳಪಟ್ಟಿಯಿಂದ ಹೂವಿನ ಎಳೆಯೊಂದು ಹೊರಗಿಣುಕುತ್ತಿತ್ತು. ಗಾಳಿ ಇಳಿದಿತ್ತು, ಹಿಮ ಮಾತ್ರ ಸುಮ್ಮನೆ ಬೀಳುತ್ತಿತ್ತು. ಅರ್ಧ ಬೆಟ್ಟ ಏರಿದ ಮೇಲೆ ಅಪ್ಪ, ಎದುರು ನೋಡುತ್ತಲೇ ಕೇಳಿದ:

"ಈಗ್ಲೂ ಕಿಟಕಿ ತೆಗೆದೇ ಮಲಗ್ತಾಳಾ?"

"ಹೌದು," ಅಂದರು ಓರ್ರಿ.

"ಹಿಮ ಬಿದ್ರೂ?"

"ಹಿಮ ಬಿದ್ರೂ. ಒಂದಿನ ಎದ್ದು ನೋಡ್ತೀನಿ, ನನ್ನ ಹೊದಿಕೆ ಮೇಲೆ ಬೆಳ್ಳಗೆ."

ಅಪ್ಪ ತಲೆದೂಗಿದ. "ನಾನು ಟೋಪಿ ಹಾಕ್ಕೊಂಡು ಮಲಗ್ತಿದ್ದೆ."

"ನಾನೂ."

"ಕುರಿಮಾಂಸದ ಸಾರಿಗೆ ಉಪ್ಪು?"

"ಹಾಕಲ್ಲ. ಬೇಕಾದ್ರೆ ಮೇಲೆ ಹಾಕ್ಕೊಳ್ಳಿ ಅಂತಾಳೆ."

"ಮೇಲೆ ಹಾಕ್ಕೊಂಡ್ರೆ?"

"ನನ್ನ ಅಡುಗೆ ಸೇರಲ್ವಾ ಅಂತಾಳೆ."

ಅಪ್ಪನ ಹೊಟ್ಟೆ ಕುಲುಕತೊಡಗಿತು. "ನಗಿಸಬೇಡ ಮಾರಾಯ, ಹೂವು ಉದುರುತ್ತೆ," ಅಂತ ಎದೆ ಹಿಡಿದುಕೊಂಡ. ನೀವು ಎನ್ನುವುದು ಆ ಬೆಟ್ಟದ ಮೇಲೆ ಎಲ್ಲೋ ಬಿದ್ದುಹೋಗಿ, ಇಳಿಜಾರಿಗೆ ಬರುವಷ್ಟರಲ್ಲಿ ನೀನು ಆಗಿತ್ತು. ಇಬ್ಬರೂ ಸೇರಿ ನನ್ನ ಅಮ್ಮನನ್ನು ಆಡಿಕೊಳ್ಳುವುದನ್ನು ಕೇಳುತ್ತ ನಾನು ರಸ್ತೆ ನೋಡುತ್ತಿದ್ದೆ. ಅವಳ ಪರ ವಹಿಸಬೇಕೆನಿಸಿತು. ಆದರೆ ಅವರ ಮಾತಿನಲ್ಲಿ ದೂರು ಇರಲಿಲ್ಲ. ಒಂದೇ ಊರಿನಲ್ಲಿ ಬೇರೆ ಬೇರೆ ಕಾಲದಲ್ಲಿ ಬಾಳಿದ ಇಬ್ಬರು, ಆ ಊರಿನ ಗಾಳಿ ನೀರಿನ ಸುದ್ದಿ ಆಡಿಕೊಂಡಂತಿತ್ತು.

ಅಮ್ಮ ಗಾಜಿನಮನೆಯ ಬಾಗಿಲಲ್ಲಿದ್ದಳು. ಓರ್ರಿ ಎಲ್ಲಿ ಹೋದರೆಂದು ಬೆಳಿಗ್ಗೆಯೇ ಊಹಿಸಿದ್ದಳಂತೆ. ಊಹಿಸದೇ ಇದ್ದದ್ದು ಅವರ ಹಿಂದೆ ಇಳಿದವನನ್ನು.

"ನೀನ್ಯಾಕೆ ಬಂದೆ?"

"ನನ್ನ ಮರದ ಕಡೆಯವನು ನಾನು," ಅಂದ ಅಪ್ಪ. "ಬಾಗಿಲಲ್ಲೇ ನಿಲ್ಲಿಸ್ತೀಯಾ? ಇಲ್ಲಿ ನನ್ನ ಎದೆ ತುಂಬ ಹೂವಿದೆ."

ಅಮ್ಮ ಅವನ ಕೊರಳಪಟ್ಟಿಯಿಂದ ಇಣುಕುತ್ತಿದ್ದ ಎಳೆಯನ್ನು ನೋಡಿದಳು. ಪಕ್ಕಕ್ಕೆ ಸರಿದಳು.

ಏಣಿ ಹತ್ತಿದ್ದು ಅಮ್ಮನೇ. ಬೇರೆ ಯಾರನ್ನೂ ಹತ್ತಗೊಡಲಿಲ್ಲ. ಓರ್ರಿ ಏಣಿ ಹಿಡಿದರು. ಅಪ್ಪ ಅಂಗಿಯೊಳಗಿನಿಂದ ಒಂದೊಂದು ಗೊಂಚಲು ತೆಗೆದು ಮೇಲೆ ಚಾಚಿದ. ಅವಳು ಅದನ್ನು ಮೆಲ್ಲಗೆ ತನ್ನ ಮರದ ಹೂಗಳಿಗೆ ತಾಗಿಸುತ್ತ ಹೋದಳು. ಬೆಚ್ಚಗಿದ್ದ ಪರಾಗ ಅವಳ ಬೆರಳಿಗೂ ಹುಬ್ಬಿಗೂ ಅಂಟಿತು.

"ಎಡಗಡೆ ಬಿಟ್ಟೆ," ಅಂದ ಅಪ್ಪ.

"ಎಡಗಡೆ ಯಾವುದು ಅಂತ ನನಗೆ ಗೊತ್ತು."

"ಅಷ್ಟು ಜೋರಾಗಿ ಒರೆಸಬೇಡ. ನೆಲ ಒರೆಸ್ತಿದ್ದೀಯಾ?"

"ಓರ್ರಿ, ಈ ಮನುಷ್ಯನಿಗೆ ಬಾಯಿ ಮುಚ್ಚು ಅಂತ ಹೇಳಿ."

"ಇಲ್ಲುಗಿ, ಸ್ವಲ್ಪ ಮೆತ್ತಗೆ," ಅಂದರು ಓರ್ರಿ. "ಸಾಲ್ವೋರ್, ಎಡಗಡೆ ಬಿಟ್ಟಿದ್ದು ನಿಜ."

ಅಮ್ಮ ಎಡಗಡೆಗೆ ಬಾಗಿದಳು. ಕೆಲಸ ಮುಗಿಸಿ ಇಳಿಯುವಾಗ ಅಪ್ಪ ಕೈ ಚಾಚಿದ, ಅವಳು ಹಿಡಿದುಕೊಂಡಳು. ನೆಲ ಸಿಕ್ಕ ಕೂಡಲೆ ಬಿಟ್ಟಳು.

ಬೆಟ್ಟದ ರಸ್ತೆ ಮತ್ತೆ ಮುಚ್ಚಿತು. ಅಪ್ಪ ಎರಡು ದಿನ ಅಲ್ಲೇ ಉಳಿದ. ಮೊದಲ ದಿನವೇ ಅಡುಗೆಮನೆಗೆ ನುಗ್ಗಿ ಸಾರಿಗೆ ಉಪ್ಪು ಹಾಕಿದ. ಅಮ್ಮ ಬೈದಳು, ಬೈಯುತ್ತಲೇ ಎರಡು ಬಟ್ಟಲು ಕುಡಿದಳು.

ಆಮೇಲಿನದು ನನಗೆ ನೇರ ಗೊತ್ತಾದದ್ದಲ್ಲ. ವಾರ ಕಳೆದು ಅಪ್ಪನ ಮನೆಗೆ ಕಾಫಿಗೆ ಹೋದಾಗ ಅವನೇ ಹೇಳಿದ: "ಕಾಯಿ ಕಚ್ಚಿದೆ. ಸಾಸಿವೆಯಷ್ಟೇ ಇವೆಯಂತೆ."

"ಯಾರು ಹೇಳಿದ್ದು?"

"ಅವಳೇ. ಬೆಳಿಗ್ಗೆ ಫೋನ್ ಮಾಡಿದ್ಲು."

ನನಗೆ ನಂಬಲಾಗಲಿಲ್ಲ. ಅಷ್ಟು ವರ್ಷ ಅವರಿಬ್ಬರ ಮಾತು ಹೊತ್ತ ನನಗೆ ಈ ಮಾತು ಬೆಟ್ಟ ದಾಟಿ ಬಂದು ಸಿಕ್ಕಿತು. ನಿಜ ಹೇಳಬೇಕೆಂದರೆ ಚೂರು ಹೊಟ್ಟೆಕಿಚ್ಚೂ ಆಯಿತು. ಕೆಲಸ ಕಳೆದುಕೊಂಡವಳ ಹಾಗೆ.

ಏಪ್ರಿಲ್‌ನಲ್ಲಿ ಬಹಳಷ್ಟು ಉದುರಿದವು. ಅಮ್ಮ ಅಳುವ ದನಿಯಲ್ಲಿ ಫೋನ್ ಮಾಡಿದಳಂತೆ. ಅಪ್ಪ, "ಎಲ್ಲ ಉಳಿದ್ರೆ ಕೊಂಬೆ ಮುರಿಯುತ್ತೆ. ಅದಕ್ಕೆ ಬುದ್ಧಿ ಇದೆ, ನಿನಗೆ ಹೇಳಿ ಕೊಡಬೇಕಾಗಿಲ್ಲ," ಅಂದನಂತೆ. ಮೇ ತಿಂಗಳಲ್ಲಿ ಬಿರುಗಾಳಿಗೆ ಅಮ್ಮನ ಗಾಜಿನಮನೆಯ ಮೂಲೆಯ ಎರಡು ಗಾಜು ಒಡೆದು ಚಳಿಗಾಳಿ ನುಗ್ಗಿತು. ಓರ್ರಿ ಆರ್ಗನ್ನಿಗೆ ಹೊದಿಸುವ ದಪ್ಪ ಬಟ್ಟೆಯನ್ನು ಚರ್ಚಿನಿಂದ ಹೊತ್ತು ತಂದು ಆ ಕಿಂಡಿಗೆ ಮೊಳೆ ಹೊಡೆದರು. ಮರುದಿನ ಅಪ್ಪ ತನ್ನ ಹಳೆಯ ಕಾರಿನ ಮೇಲೆ ಎರಡು ಗಾಜು ಕಟ್ಟಿಕೊಂಡು ಬಂದ. ಯಾರೂ ಕರೆದಿರಲಿಲ್ಲ. ಇಬ್ಬರು ಗಂಡಸರೂ ಮಾಡಿನ ಮೇಲೆ ಹತ್ತಿ ಕೂತು ಗಾಜು ಕೂರಿಸಿದರು. ಕೆಳಗಿನಿಂದ ಅಮ್ಮ, "ಇಬ್ಬರೂ ಬಿದ್ರೆ ಒಬ್ಬಳೇ ಹೆಂಗಸು ಎಷ್ಟಂತ ಅಳಲಿ?" ಎಂದು ಕೂಗಿದಳು.

ಜುಲೈನಲ್ಲಿ ಕಾಯಿಗಳು ಹಳದಿಯಾಗಿ, ಆಮೇಲೆ ಕೆಂಪಗಾದವು. ಎಲೆಗಳ ನಡುವೆ ಗುಂಗುರು ಕೂದಲಿನ ಮಕ್ಕಳ ತಲೆಗಳಂತೆ ತೂಗುತ್ತಿದ್ದವು. ಊರಿನವರು ಊರ ಬಿಸಿನೀರಿನ ಈಜುಕೊಳದಿಂದ ಒದ್ದೆ ಕೂದಲಲ್ಲೇ ಬಂದು ನೋಡಿ ಹೋದರು. ಪಾದ್ರಿ ಬಂದರು. ತಿನ್ನಲು ಮಾತ್ರ ಯಾರಿಗೂ ಕೊಡಲಿಲ್ಲ. "ಮೊದಲು ಆ ಮನುಷ್ಯ ಬರಲಿ," ಅಂದಳು ಅಮ್ಮ.

ಅಪ್ಪ ಭಾನುವಾರ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಹೊಗೆ ಹಿಡಿಸಿದ ಮೀನು ತಂದಿದ್ದ. ಹೊರಗೆ ತೆಳು ಬಿಸಿಲು, ಗಾಜಿನಮನೆಯ ಒಳಗೆ ಸೆಕೆ. ಮರದ ಕೆಳಗೇ ಮೇಜು ಹಾಕಿದೆವು. ಅಮ್ಮ ಗೊಂಚಲು ಕೊಯ್ದು ತಂದು ನಡುವೆ ಇಟ್ಟಳು. ಯಾರು ಮೊದಲು ತೆಗೆದುಕೊಳ್ಳಬೇಕೆಂದು ತಿಳಿಯದೆ ನಾವು ನಾಲ್ವರೂ ಅದನ್ನೇ ನೋಡುತ್ತ ಕೂತೆವು.

"ತಗೊಳ್ಳಿ," ಅಂದಳು ಅಮ್ಮ ಓರ್ರಿಗೆ. "ನೀವಿಲ್ಲದೆ ಇದಿಲ್ಲ."

ಓರ್ರಿಗೆ ಸುಲಿಯಲು ಬರಲಿಲ್ಲ. ಅಪ್ಪ ಅವರ ಕೈಯಿಂದ ಹಣ್ಣು ತೆಗೆದುಕೊಂಡು, ಹೆಬ್ಬೆರಳ ಉಗುರಿನಿಂದ ಸಿಪ್ಪೆಯ ನಡುವೆ ಗೀರಿ, ತಿರುವಿ, ಅರ್ಧ ಸಿಪ್ಪೆ ಬಟ್ಟಲಿನಂತೆ ಉಳಿಸಿ ಕೊಟ್ಟ. ಓರ್ರಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅವರ ಕೆನ್ನೆಯ ಮೇಲೆ ನೀರಿಳಿಯಿತು.

"ಹುಳಿಯಾ?" ಅಂತ ಅಮ್ಮ ಗಾಬರಿಯಾದಳು.

"ಅಲ್ಲ, ಅಲ್ಲ."

ಅಪ್ಪ ತಿಂದ. ತುಂಬ ಹೊತ್ತು ಅಗಿದ. "ಪೆನಾಂಗ್‌ದು ಇದಕ್ಕಿಂತ ಸಿಹಿ ಇತ್ತು," ಅಂದ.

"ಅಲ್ಲಿ ನಿನಗೆ ಮೂವತ್ತು ವರ್ಷ," ಅಂದಳು ಅಮ್ಮ. "ಕಲ್ಲು ಕೊಟ್ರೂ ಸಿಹಿ ಅಂತಿದ್ದೆ."

"ಅದೂ ನ್ಯಾಯವೇ." ಅವನು ಇನ್ನೊಂದು ಸುಲಿದು ಅವಳ ಮುಂದಿಟ್ಟ. ನನಗೂ ಒಂದು ಸುಲಿದ. ತಣ್ಣಗೆ, ನೀರು ನೀರಾಗಿ, ಒಳ್ಳೆಯ ಸಿಹಿಯಿತ್ತು. ಬೀಜಕ್ಕೆ ತಿರುಳು ಚೂರು ಅಂಟಿಕೊಂಡಿತ್ತು, ಅಷ್ಟೇ. ಗೊಂಚಲು ಖಾಲಿಯಾಗುವವರೆಗೆ ತಿಂದೆವು. ಅಮ್ಮ ಪಾದ್ರಿಗೆಂದು ಎತ್ತಿಟ್ಟದ್ದನ್ನೂ ತಿಂದೆವು.

ಮೀನು ತಿಂದು, ಕಾಫಿಯಾದ ಮೇಲೆ ಓರ್ರಿ ಮತ್ತು ನಾನು ಪಾತ್ರೆ ತೊಳೆಯಲು ಎದ್ದೆವು. ಮರಳಿ ಬಂದು ನೋಡಿದರೆ ಅಪ್ಪ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆಹೋಗಿದ್ದ. ಸೆಕೆಗೆ ಅಂಗಿಯ ಗುಂಡಿ ಬಿಚ್ಚಿದ್ದ. ಅಮ್ಮ ಎದುರು ಕೂತು ಸಿಪ್ಪೆಗಳನ್ನು ಒಂದು ತಟ್ಟೆಗೆ ಒಟ್ಟುಮಾಡುತ್ತಿದ್ದಳು.

"ಮುಂದಿನ ಮಾರ್ಚಿಗೆ ಅವನೇ ಬರಬೇಕಾ, ಅಥವಾ ನಾವೇ ಹೋಗೋಣ್ವಾ ಅಂತ ಯೋಚಿಸ್ತಿದ್ದೆ. ಅವನ ಮಂಡಿ ಸರಿಯಿಲ್ಲ," ಅಂದಳು ಓರ್ರಿಗೆ.

"ಹೋಗೋಣ. ನನಗೂ ಆ ಮರ ಇನ್ನೊಂದು ಸಲ ನೋಡಬೇಕು," ಅಂದರು ಓರ್ರಿ.

"ಮತ್ತೆ ನನ್ನ ಲಾರೀಲಿ?" ಎಂದೆ ನಾನು, ಸ್ವಲ್ಪ ಜೋರಾಗಿಯೇ.

"ಶ್, ಮೆಲ್ಲಗೆ ಮಾತಾಡೇ," ಅಂದಳು ಅಮ್ಮ. "ಮಲಗಿದ್ದಾನೆ."